ಪರೀಕ್ಷೆ ಅವಳೊಬ್ಬಳಿಗೇ ಏಕೆ?

ಸಂಘದ ಮಾಸಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಹಿರಿಯರು ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ, ಅರಿಸಿನ-ಕುಂಕುಮದ ಸಮಾರಂಭದಲ್ಲಿ, ಮದುವೆಯಾಗಿ ಎರಡು ವರ್ಷ ತುಂಬಿದ ಹೆಣ್ಣುಮಗಳನ್ನು ಹತ್ತು ಜನರ ಎದುರಿಗೆ "ಏನಮ್ಮಾ, ಏನಾದರೂ ವಿಶೇಷವೇ?" ಎಂದು ಕೇಳುವಾಗ ನಮಗೆ ಯಾವ ಸಂಕೋಚವೂ ಅಡ್ಡ ಬರುವುದಿಲ್ಲ. ಕೇಳುವಾಗ ಇಲ್ಲದ ನಾಚಿಕೆ ತಿಳಿದುಕೊಳ್ಳುವಾಗ ಏಕೆ ಬರಬೇಕು? ಆದ್ದರಿಂದ ಬರೆಯುತ್ತಿದ್ದೇವೆ.

ಅಂಡ ಬಿಡುಗಡೆಯಾಗುವ ದಿನಗಳನ್ನು ಮನೆಯಲ್ಲೇ ಪತ್ತೆ ಮಾಡುವ ಪರೀಕ್ಷಾ ಪಟ್ಟಿಗಳು ಈಗ ಔಷಧದ ಅಂಗಡಿಗಳಲ್ಲಿ ವೈದ್ಯರ ಚೀಟಿ ಇಲ್ಲದೆಯೇ ಸಿಗುತ್ತವೆ. ಮುಂಬಯಿಯ ಉಪನಗರವೊಂದರಲ್ಲಿ ನಾವು ಬಲ್ಲ ಒಂದು ಮನೆಗೂ ಅವು ಬಂದವು. ಸೊಸೆ ತಿಂಗಳು ತಿಂಗಳೂ ಪಟ್ಟಿ ಅದ್ದಿ ನೋಡುವಳು. ಕ್ಯಾಲೆಂಡರಿನಲ್ಲಿ ಗುರುತು ಹಾಕುವಳು. ಊರಿನಿಂದ ಅತ್ತೆಯವರ ಫೋನು: "ಇವತ್ತು ಗೆರೆ ಮೂಡಿತೇನಮ್ಮಾ?" ಹೀಗೆ ಎರಡು ವರ್ಷ ಸಂದವು. ಗಂಡನಿಗೂ ಒಂದು ಪರೀಕ್ಷೆ ಆಗಲಿ ಎಂದು ಆಕೆ ಮೆಲ್ಲನೆ ಹೇಳಿದ್ದಕ್ಕೆ, "ನನಗೇನಾಗಿದೆ?" ಎಂಬ ಉತ್ತರ ಬಂತು. ಕಡೆಗೆ ವೈದ್ಯರೇ ಪಟ್ಟು ಹಿಡಿದು ಪರೀಕ್ಷೆ ಮಾಡಿಸಿದಾಗ ಕೊರತೆ ಇದ್ದದ್ದು ಆತನ ವೀರ್ಯಾಣುಗಳ ಸಂಖ್ಯೆಯಲ್ಲಿ. ಎರಡು ವರ್ಷ ಆಕೆ ತಿಂದ ಮಾತುಗಳನ್ನು ಆ ಮನೆಯಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ತಪ್ಪು ಪಟ್ಟಿಯದಲ್ಲ. ಅದು ಹೇಳುವುದಿಷ್ಟೇ: ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಲ್.ಎಚ್. ಎಂಬ ಹಾರ್ಮೋನು, ಅಂಡ ಬಿಡುಗಡೆಯಾಗುವ ಸುಮಾರು 24ರಿಂದ 36 ಗಂಟೆಗಳ ಮುಂಚೆ ಒಮ್ಮೆಲೇ ಏರುತ್ತದೆ. ಮೂತ್ರದಲ್ಲಿ ಕಾಣುವ ಆ ಏರಿಕೆಯನ್ನು ಪಟ್ಟಿ ತೋರಿಸುತ್ತದೆ. ಬಸಿರಿನ ಪರೀಕ್ಷೆಯಲ್ಲಿ ಎರಡನೆಯ ಗೆರೆ ಮಸುಕಾಗಿ ಬಂದರೂ ಅರ್ಥವುಂಟು, ಇಲ್ಲಿ ಹಾಗಲ್ಲ. ಪಕ್ಕದ ಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢವಾಗಿ ಮೂಡಿದರೆ ಮಾತ್ರ ಲೆಕ್ಕ. ಇದನ್ನು ತಿಳಿಯದೆ ಮಸುಕು ಗೆರೆ ಕಂಡು ಹಿಗ್ಗಿದವರೂ ಉಂಟು, ಅತ್ತವರೂ ಉಂಟು.

ಗೆರೆ ಮೂಡುವವರೆಗೆ ಕಾದು ಕೂರುವುದೂ ಸರಿಯಲ್ಲ. ಬಿಡುಗಡೆಯಾದ ಅಂಡದ ಆಯುಸ್ಸು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಉಳಿಯಬಲ್ಲದು. ಅಮೆರಿಕದಲ್ಲಿ 221 ಸ್ತ್ರೀಯರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಫಲವತ್ತಾದ ದಿನಗಳು ಆರು. ಆ ಆರರಲ್ಲಿ ಕೊನೆಯದು ಅಂಡ ಬಿಡುಗಡೆಯ ದಿನ. ಗೆರೆ ಮೂಡುವ ಹೊತ್ತಿಗೆ ಆ ಆರರಲ್ಲಿ ಹಲವು ಕಳೆದಿರುತ್ತವೆ. ಇಂಥ ದಿನ ಸೇರಿದರೆ ಗಂಡು, ಇಂಥ ದಿನ ಹೆಣ್ಣು ಎಂಬ ಮಾತಿಗೂ ಅದೇ ಅಧ್ಯಯನದಲ್ಲಿ ಆಧಾರ ಸಿಗಲಿಲ್ಲ. ಇನ್ನು "ಹದಿನಾಲ್ಕನೆಯ ದಿನ" ಎಂಬ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. 21 ದಿನಕ್ಕೆ ಮುಟ್ಟಾಗುವವರೂ ಇದ್ದಾರೆ, 35 ದಿನಕ್ಕೆ ಆಗುವವರೂ ಇದ್ದಾರೆ.

ಪಟ್ಟಿ ಹೇಳದೆ ಬಿಡುವ ಸಂಗತಿಗಳೇ ಹೆಚ್ಚು. ಹಾರ್ಮೋನು ಏರಿತೆಂದು ಹೇಳೀತು. ಅಂಡ ಹೊರಬಂತೆಂದು ಹೇಳದು. ಗರ್ಭನಾಳ ತೆರೆದಿದೆಯೋ ಮುಚ್ಚಿದೆಯೋ ಹೇಳದು. ಪಿ.ಸಿ.ಓ.ಎಸ್. ತೊಂದರೆ ಇರುವವರಲ್ಲಿ ಸುಳ್ಳು ಗೆರೆಯನ್ನೂ ತೋರಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಗಂಡನ ವಿಷಯದಲ್ಲಿ ಅದಕ್ಕೆ ಬಾಯೇ ಇಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ, ಅದೊಂದೇ ಆಗಿಯೋ ಹೆಣ್ಣಿನ ಕಾರಣದೊಡನೆ ಸೇರಿಯೋ. ಹಾಗಿದ್ದೂ "ಬಂಜೆ" ಎಂಬ ಮಾತು ನಮ್ಮ ನಾಲಗೆಯ ತುದಿಯಲ್ಲಿದೆ; ಗಂಡಸಿಗೆ ಅನ್ವಯಿಸುವ ಅಂಥ ಮಾತು ದಿನಬಳಕೆಯಲ್ಲಿ ಕೇಳಿಬರುವುದೇ ಇಲ್ಲ. ಭಾಷೆಯಲ್ಲೇ ಈ ಪಕ್ಷಪಾತವಿರುವಾಗ ಮನೆಯಲ್ಲಿ ಇಲ್ಲದಿದ್ದೀತೇ?

"ಹಾಗಾದರೆ ಪಟ್ಟಿಯನ್ನು ಎಸೆಯಬೇಕೇ?" ಎಂದು ಕೇಳುವವರಿಗೆ ನಮ್ಮ ಉತ್ತರ: ಬೇಡ. ನಲವತ್ತರೊಳಗಿನ, ಪ್ರಯತ್ನ ಆರಂಭಿಸಿ ವರ್ಷ ತುಂಬದ ಸ್ತ್ರೀಯರಿಗೆ ಅದರಿಂದ ಸ್ವಲ್ಪಮಟ್ಟಿನ ಪ್ರಯೋಜನವುಂಟೆಂದು 2023ರ ಕಾಕ್ರೇನ್ ವಿಮರ್ಶೆ ಹೇಳಿದೆ. ಒಬ್ಬರದು ರಾತ್ರಿ ಪಾಳಿ, ಇನ್ನೊಬ್ಬರದು ಹಗಲು ಕೆಲಸ ಎನ್ನುವ ನಮ್ಮ ನಗರದ ಸಂಸಾರಗಳಿಗೆ ದಿನ ತಿಳಿಯುವುದೂ ಉಪಕಾರವೇ. ನಾವು ವಿರೋಧಿಸುವುದು ಪಟ್ಟಿಯನ್ನು ಹೆಣ್ಣಿನ ತಿಂಗಳ ಪ್ರಗತಿಪತ್ರವಾಗಿ ಮಾಡಿ, ಅದರ ಮೇಲೆ ಅತ್ತೆ, ನಾದಿನಿ, ನೆರೆಮನೆಯವರು ಕಣ್ಣಾಡಿಸುವುದನ್ನು. "ಗಂಡಸರ ಮರ್ಯಾದೆಯ ಪ್ರಶ್ನೆ" ಎನ್ನುವವರನ್ನು ಕೇಳುತ್ತೇವೆ: ಪ್ರತಿ ತಿಂಗಳೂ ಪರೀಕ್ಷೆಗೆ ನಿಲ್ಲುವ ಆಕೆಗೆ ಮರ್ಯಾದೆ ಇಲ್ಲವೇ?

ಆದ್ದರಿಂದ ನಮ್ಮ ಬಾಂಧವರಲ್ಲಿ ನಮ್ಮ ಬೇಡಿಕೆ ಸರಳವಾದದ್ದು. ವೈದ್ಯರಲ್ಲಿಗೆ ಇಬ್ಬರೂ ಕೂಡಿ ಹೋಗಿ. ಹೆಂಡತಿಗೆ 35 ತುಂಬದಿದ್ದರೆ ಒಂದು ವರ್ಷದ ಪ್ರಯತ್ನದ ನಂತರ, ತುಂಬಿದ್ದರೆ ಆರು ತಿಂಗಳಿಗೇ, ಮುಟ್ಟು ಕ್ರಮ ತಪ್ಪಿದ್ದರೆ ಕಾಯದೆ ಹೋಗಿ. ವೀರ್ಯ ಪರೀಕ್ಷೆಯನ್ನು ಕೊನೆಗಲ್ಲ, ಮೊದಲಿಗೇ ಮಾಡಿಸಿ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಮಾದರಿ ಕೊಟ್ಟರಾಯಿತು, ಸೂಜಿಯಿಲ್ಲ, ನೋವಿಲ್ಲ. ಫಲಿತಾಂಶ ಸರಿಯಿಲ್ಲದಿದ್ದರೆ ಮತ್ತೊಮ್ಮೆ ನೋಡಬೇಕು. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ತಂಬಾಕು ಬಿಟ್ಟರೂ ಅದರ ಫಲ ಕಾಣಲು ಅಷ್ಟು ಕಾಲ ಕಾಯಬೇಕು. ಇದರಲ್ಲಿ ಯಾರನ್ನೂ ಅಪರಾಧಿಯಾಗಿ ನಿಲ್ಲಿಸುವ ಮಾತಿಲ್ಲ. ಕಾರಣ ತಿಳಿದರೆ ಚಿಕಿತ್ಸೆಗೆ ದಾರಿ, ಅಷ್ಟೇ.

ಸಕ್ಕರೆ, ರಕ್ತದೊತ್ತಡಕ್ಕೆ ಶಿಬಿರ ನಡೆಸುವ ನಮ್ಮ ಸಂಘಗಳು ವರ್ಷಕ್ಕೊಮ್ಮೆ ಯುವ ದಂಪತಿಗಳನ್ನು ಒಟ್ಟಿಗೆ ಕೂರಿಸಿ, ವೈದ್ಯರಿಂದ ಈ ವಿಷಯ ಹೇಳಿಸಬಾರದೇ? ಊರಲ್ಲಾದರೆ ತವರು ಹತ್ತಿರ, ಅಮ್ಮನ ಮಡಿಲು ಹತ್ತಿರ. ಇಲ್ಲಿ ಆ ಹೆಣ್ಣುಮಗಳಿಗೆ ನಾವೇ ತವರು. ಬರುವ ರಾಜ್ಯೋತ್ಸವದ ಪಂಕ್ತಿಯಲ್ಲಿ ಆಕೆಯನ್ನು ಏನಾದರೂ ಕೇಳಲೇಬೇಕೆನಿಸಿದರೆ, ಇನ್ನೊಂದು ಸೌಟು ಪಾಯಸ ಬೇಕೇ ಎಂದು ಕೇಳಿ. ಅಷ್ಟು ಸಾಕು.