ಗೋಡೆ ಬೇಕು ಅಂದವರು ಭಕ್ತರೇ

ಅಮೆರಿಕದ ರಾಜಕೀಯದ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಬ್ಬರಾದ್ರೂ ಹೇಳ್ತಾರೆ: "ಅದು ಕ್ರಿಶ್ಚಿಯನ್ ದೇಶ ತಾನೇ? ಕಾನೂನಲ್ಲಿ ಬೈಬಲ್ ಇದ್ರೆ ತಪ್ಪೇನು?" ಡಾಲರ್ ನೋಟಿನ ಮೇಲೇ ದೇವರ ಹೆಸರಿದೆಯಲ್ಲ ಅಂತಾನೂ ಸೇರಿಸ್ತಾರೆ.

ಆದ್ರೆ ಅದು ರಾಷ್ಟ್ರದ ಧ್ಯೇಯವಾಕ್ಯ ಆಗಿದ್ದು 1956ರಲ್ಲಿ, ಸೋವಿಯತ್ ಜೊತೆ ಶೀತಲ ಸಮರ ನಡೀತಿದ್ದಾಗ. ಸಂವಿಧಾನ ಹೇಳೋದೇ ಬೇರೆ. ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಇಲ್ಲ ಅನ್ನುತ್ತೆ 6ನೇ ವಿಧಿ. ಸಂಸತ್ತು ಯಾವ ಧರ್ಮವನ್ನೂ ಅಧಿಕೃತ ಮಾಡುವಂತಿಲ್ಲ ಅನ್ನುತ್ತೆ 1791ರ ಮೊದಲ ತಿದ್ದುಪಡಿ.

ಇದನ್ನೆಲ್ಲ ನಾಸ್ತಿಕರು ಮಾಡಿಸಿದ್ದು ಅಂದ್ಕೊಂಡ್ರೆ ತಪ್ಪು. ಸ್ವಾತಂತ್ರ್ಯಕ್ಕೆ ಮುಂಚೆ ವರ್ಜೀನಿಯಾದಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ಸರ್ಕಾರಿ ಚರ್ಚ್ ಆಗಿತ್ತು. ಲೈಸೆನ್ಸ್ ಇಲ್ಲದೆ ಉಪದೇಶ ಮಾಡಿದ ಬ್ಯಾಪ್ಟಿಸ್ಟ್ ಪಾದ್ರಿಗಳನ್ನ ಜೈಲಿಗೆ ಹಾಕ್ತಿದ್ರು. ಹಾಕಿದವರೂ ಕ್ರೈಸ್ತರೇ, ಒಳಗೆ ಹೋದವರೂ ಕ್ರೈಸ್ತರೇ! ಕನೆಕ್ಟಿಕಟ್‌ನಲ್ಲೂ ಸರ್ಕಾರದ ಬೆಂಬಲ ಇದ್ದಿದ್ದು ಬೇರೊಂದು ಪಂಗಡಕ್ಕೆ. ಅಲ್ಲಿನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರು 1801ರಲ್ಲಿ ಅಧ್ಯಕ್ಷ ಜೆಫರ್ಸನ್‌ಗೆ ಪತ್ರ ಬರೆದು ಇದೇ ಕಷ್ಟ ಹೇಳ್ಕೊಂಡ್ರು. ಚರ್ಚು ಮತ್ತು ಸರ್ಕಾರದ ನಡುವಿನ 'ಗೋಡೆ' ಅನ್ನೋ ಪ್ರಸಿದ್ಧ ಮಾತು ಬಂದಿದ್ದು 1802ರಲ್ಲಿ ಅವರು ಕೊಟ್ಟ ಉತ್ತರದಲ್ಲಿ.

ಈ ಪ್ರಶ್ನೆ ಇವತ್ತಿಗೂ ಮುಗಿದಿಲ್ಲ. 2024ರಲ್ಲಿ ಲೂಸಿಯಾನ ರಾಜ್ಯ, ಪ್ರತಿ ಸರ್ಕಾರಿ ಶಾಲೆಯ ಕ್ಲಾಸ್‌ರೂಮಲ್ಲೂ ಹತ್ತು ಕಟ್ಟಳೆಗಳನ್ನ ತೂಗುಹಾಕಬೇಕು ಅಂತ ಕಾನೂನು ಮಾಡ್ತು. ಸರಿ, ಆದ್ರೆ ಯಾರ ಹತ್ತು? ಕ್ಯಾಥೊಲಿಕರು, ಹೆಚ್ಚಿನ ಪ್ರೊಟೆಸ್ಟಂಟರು, ಯಹೂದಿಗಳು ಅದೇ ಕಟ್ಟಳೆಗಳನ್ನ ಬೇರೆ ಬೇರೆ ಥರ ಎಣಿಸ್ತಾರೆ. ಗೋಡೆಗೆ ಒಂದು ಪಟ್ಟಿ ಅಂಟಿಸಬೇಕಂದ್ರೆ ಯಾರದ್ದು ಸರಿ ಅಂತ ಸರ್ಕಾರವೇ ತೀರ್ಮಾನ ಮಾಡಬೇಕು. ಕೋರ್ಟಿಗೆ ಹೋದವರಲ್ಲಿ ಪ್ರೆಸ್ಬಿಟೇರಿಯನ್ ಪಾದ್ರಿಯೊಬ್ಬರೂ ಇದ್ದದ್ದು ಅದಕ್ಕೇ ನನಗೆ ಆಶ್ಚರ್ಯ ಅನ್ನಿಸಲಿಲ್ಲ.

ಹಾಗಂತ ನಂಬಿಕೆ ಇರೋರು ರಾಜಕೀಯ ಮಾತಾಡಬಾರದು ಅಂತ ನಾನು ಹೇಳ್ತಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಬ್ಯಾಪ್ಟಿಸ್ಟ್ ಪಾದ್ರಿ. ಅವರ ಭಾಷಣಗಳ ತುಂಬಾ ಬೈಬಲ್ ಇದೆ. ಆದ್ರೆ ಅವರು ಹೋರಾಡಿದ್ದು ಬ್ಯಾಪ್ಟಿಸ್ಟರಿಗೆ ಮಾತ್ರ ಅನುಕೂಲ ಆಗೋ ಕಾನೂನಿಗಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆ ದೇವರನ್ನ ನಂಬದವನಿಗೂ ಅನ್ವಯಿಸುತ್ತೆ.

ನನ್ನ ಪ್ರಕಾರ ವ್ಯತ್ಯಾಸ ಇರೋದು ಇಲ್ಲೇ. ನಂಬಿಕೆ ಒಬ್ಬ ಮನುಷ್ಯನಿಗೆ ಧೈರ್ಯ ಕೊಡಲಿ, ನ್ಯಾಯ ಕೇಳೋಕೆ ಬೀದಿಗೆ ತರಲಿ. ಕಾನೂನು ಮಾತ್ರ ಎಲ್ಲರದ್ದಾಗಿರಲಿ. 'ನಮ್ಮ ಧರ್ಮವೇ ಕಾನೂನಾಗಲಿ' ಅನ್ನೋರು, ಆಮೇಲೆ 'ನಮ್ಮ' ಅನ್ನೋದರೊಳಗೆ ಯಾರಿರಬೇಕು ಅಂತ ತೀರ್ಮಾನಿಸೋದು ತಾವಲ್ಲ, ಸರ್ಕಾರ ಅನ್ನೋದನ್ನ ಮರೀಬಾರದು.