ಮೊದಲ ವರ್ಷದ ರೇಟು ನೋಡಿ ವೆಬ್ ವಿಳಾಸ ಕೊಳ್ಳಬೇಡಿ

ರೈತರ ಗುಂಪುಗಳು ಸ್ವಂತ ವೆಬ್‌ಸೈಟ್ ಮಾಡಿಕೊಳ್ಳಬೇಕು ಅಂತ ಈಚೆಗೆ ತರಬೇತಿಗಳಲ್ಲಿ ಹೇಳುತ್ತಾರೆ. ಆದರೆ ಅದರ ಹೆಸರನ್ನು ಎಲ್ಲಿ ಕೊಳ್ಳಬೇಕು, ಯಾರ ಹೆಸರಲ್ಲಿ ಕೊಳ್ಳಬೇಕು ಅನ್ನೋದನ್ನ ಯಾರೂ ಬಿಡಿಸಿ ಹೇಳೋದಿಲ್ಲ. ನನ್ನ ಪ್ರಕಾರ ಇಡೀ ವ್ಯವಹಾರದಲ್ಲಿ ಮುಖ್ಯವಾದ್ದು ಅದೇ.

ನಾವು ಚಳ್ಳಕೆರೆ ಕಡೆಯ ಒಣಬೇಸಾಯದವರು. ಹದಿನಾಲ್ಕು ಮನೆಯವರು ಸೇರಿ ಶೇಂಗಾ ಗಾಣದೆಣ್ಣೆ ತೆಗೆದು ನೇರವಾಗಿ ಮಾರ್ತೀವಿ. ಡಬ್ಬಿಯ ಚೀಟಿ ಮೇಲೆ ವೆಬ್ ವಿಳಾಸ ಅಚ್ಚು ಹಾಕಿಸಬೇಕು ಅಂತಾದಾಗ ಮಗಳನ್ನು ಕೂರಿಸಿಕೊಂಡು ನಾಲ್ಕಾರು ಅಂಗಡಿಗಳ ರೇಟು ಹೋಲಿಸಿದೆ. (ಹತ್ತಿಪ್ಪತ್ತು ಲೀಟರ್ ಮಾರುವವರಿಗೆ ಇದರ ಗೊಡವೆ ಬೇಡ, ವಾಟ್ಸಾಪ್ ಸಾಕು.)

ಈ ವಿಳಾಸಕ್ಕೆ ಡೊಮೇನ್ ಅಂತಾರೆ, ಅದನ್ನು ನೋಂದಾಯಿಸಿ ಕೊಡುವವನು ರಿಜಿಸ್ಟ್ರಾರ್. ಇಲ್ಲಿ ಶುದ್ಧ ಕ್ರಯ ಅನ್ನೋದಿಲ್ಲ. ಗುತ್ತಿಗೆ ಜಮೀನಿನ ಥರ, ಒಂದರಿಂದ ಹತ್ತು ವರ್ಷದ ತನಕ ಹಣ ಕಟ್ಟಬಹುದು, ಮುಗಿಯೋ ಮೊದಲು ಮತ್ತೆ ಕಟ್ಟಬೇಕು. 'ಡಾಟ್ ಇನ್' ಹೆಸರುಗಳ ಮೂಲ ದಫ್ತರ ನಮ್ಮ ದೇಶದ ನಿಕ್ಸಿ ಸಂಸ್ಥೆಯದು, 'ಡಾಟ್ ಕಾಂ' ದಫ್ತರ ಅಮೆರಿಕದ ವೆರಿಸೈನ್ ಕಂಪನಿಯದು. ರಿಜಿಸ್ಟ್ರಾರ್ ನಡುವಿನ ವ್ಯಾಪಾರಿ ಅಷ್ಟೆ. 1995ರಲ್ಲಿ ಡಾಟ್ ಕಾಂ ಕೊಡೋದಕ್ಕೆ ಒಂದೇ ಕಂಪನಿ ಇತ್ತು, ಎರಡು ವರ್ಷಕ್ಕೆ 100 ಡಾಲರ್ ತಗೊಳ್ತಿತ್ತು. 1999ರಲ್ಲಿ ಬೇರೆಯವರಿಗೂ ಬಾಗಿಲು ತೆರೆದ ಮೇಲೆ ದರ ಇಳಿಯಿತು. ಒಂದೇ ಬೀಜದಂಗಡಿ ಇದ್ದ ಊರಿಗೆ ಇನ್ನೊಂದು ಬಂದ ಹಾಗೆ.

ಈಗ ಅಂಗಡಿ ಬೇಕಾದಷ್ಟಿವೆ. ತೊಂದರೆ ಇರೋದು ಬೋರ್ಡಿನ ರೇಟಲ್ಲಿ. 2024ರ ಸೆಪ್ಟೆಂಬರಿನಲ್ಲಿ ವೆರಿಸೈನ್ ತನ್ನ ಸಗಟು ದರವನ್ನು ವರ್ಷಕ್ಕೆ 10.26 ಡಾಲರಿಗೆ ಏರಿಸಿತು. ನಮ್ಮ ದುಡ್ಡಲ್ಲಿ 850 ರೂಪಾಯಿ ದಾಟಿತು. ಹಾಗಿರುವಾಗ ಒಬ್ಬ 99 ರೂಪಾಯಿಗೆ ಡಾಟ್ ಕಾಂ ಕೊಡ್ತೀನಿ ಅಂದರೆ ಉಳಿದದ್ದನ್ನು ಕೈಯಿಂದ ಹಾಕ್ತಾನೆ ಅಂತಾಯ್ತು. ಯಾವ ವ್ಯಾಪಾರಿ ಹಂಗೆ ಮಾಡ್ತಾನೆ? ಎರಡನೇ ವರ್ಷದ ನವೀಕರಣದಲ್ಲಿ ತೆಗೀತಾನೆ, ಇಲ್ಲವೇ ಹಣ ಕಟ್ಟುವ ಪುಟದಲ್ಲಿ ಈಮೇಲು, ಭದ್ರತೆ, ಅದು ಇದು ಅಂತ ತಾನೇ ಟಿಕ್ ಮಾಡಿಟ್ಟು ತೆಗೀತಾನೆ. ಅದರ ಮೇಲೆ ಶೇ. 18 ಜಿ.ಎಸ್.ಟಿ. ಆದ್ದರಿಂದ ನಾವು ಐದು ವರ್ಷದ ಒಟ್ಟು ಲೆಕ್ಕ ಹಾಕಿದೆವು. ಮೊದಲ ವರ್ಷ ಅಗ್ಗ ಕಂಡಿದ್ದವನೇ ಐದು ವರ್ಷಕ್ಕೆ ದುಬಾರಿ ಬಿದ್ದ. ನವೀಕರಣದ ದರ ಬೋರ್ಡಲ್ಲೇ ಹಾಕಿದವನು ಒಬ್ಬನಿದ್ದ, ಅವನ ಹತ್ರ ಹೋದೆವು.

ಒಮ್ಮೆ ಸೇರಿದ ಅಂಗಡಿಗೇ ಅಂಟಿಕೊಳ್ಳಬೇಕು ಅಂತೇನಿಲ್ಲ. ಡಾಟ್ ಕಾಂ ಆದರೆ ಮೊದಲ ಎರಡು ತಿಂಗಳು ದಾಟಿದ ಮೇಲೆ ವರ್ಗಾವಣೆಯ ಗುಪ್ತಸಂಖ್ಯೆ ತಗೊಂಡು ಬೇರೆಯವನಲ್ಲಿಗೆ ಹೋಗಬಹುದು. ಸಾಮಾನ್ಯವಾಗಿ ಹೊಸಬನಿಗೆ ಕಟ್ಟುವ ಹಣದಲ್ಲೇ ಇನ್ನೊಂದು ವರ್ಷದ ಅವಧಿ ಸೇರುತ್ತೆ.

ಆದರೆ ಆ ಸಂಖ್ಯೆ ಕೇಳೋ ಅಧಿಕಾರ ಖಾತೆ ಯಾರ ಕೈಯಲ್ಲಿದೆಯೋ ಅವರದು. ಪಕ್ಕದ ತಾಲ್ಲೂಕಿನ ಒಂದು ಗುಂಪಿನವರು ಸೈಟು ಮಾಡಿಕೊಟ್ಟ ಹುಡುಗನಿಗೇ ಹೆಸರು ಕೊಳ್ಳೋಕೂ ಹೇಳಿದ್ದರು. ಅವನು ತನ್ನ ಈಮೇಲಿನಲ್ಲೇ ಬರೆಸಿದ. ಆಮೇಲೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ, ಫೋನ್ ನಂಬರೂ ಬದಲಾಯ್ತು. ಅವಧಿ ಮುಗಿಯುತ್ತೆ ಅನ್ನೋ ಸೂಚನೆ ಅವನ ಪೆಟ್ಟಿಗೆಯಲ್ಲೇ ಕೊಳೀತು. ಡಾಟ್ ಕಾಂ ಹೆಸರನ್ನು ಅಳಿಸಿದ ಮೇಲೂ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳೋಕೆ ಅವಕಾಶ ಇರುತ್ತೆ. ಅದೂ ಕಳೆದು ಬೇರೆ ಯಾರೋ ಎತ್ತಿಕೊಂಡರು. ಇವರ ಹತ್ರ ಹಳೇ ವಿಳಾಸ ಅಚ್ಚಾದ ಸಿರಿಧಾನ್ಯದ ಚೀಲಗಳು ರಾಶಿ ಬಿದ್ದಿದ್ದವು. ಹುಡುಗನ ಮೇಲೆ ಎಲ್ಲರಿಗೂ ಸಿಟ್ಟು. ನಾನು ಅವನನ್ನು ಪೂರ್ತಿ ದೂರೋದಿಲ್ಲ. ಪಹಣಿ ಇನ್ನೊಬ್ಬರ ಹೆಸರಲ್ಲಿಟ್ಟು ನಾವು ಉಳುಮೆ ಮಾಡ್ತೀವಾ?

ನಮ್ಮದು ಗುಂಪಿನ ಹೆಸರಲ್ಲೇ ಇದೆ. ಇದಕ್ಕೆಂದೇ ಒಂದು ಈಮೇಲು ತೆರೆದು ಕಾರ್ಯದರ್ಶಿ, ಖಜಾಂಚಿ ಇಬ್ಬರ ಫೋನಿನಲ್ಲೂ ಹಾಕಿದೀವಿ. ಮುಗಿಯುವ ತಾರೀಕು ನಡಾವಳಿ ಪುಸ್ತಕದ ಮೊದಲ ಹಾಳೆಯಲ್ಲಿದೆ. ಮಳೆಗಾಲದಲ್ಲಿ ನಮ್ಮಲ್ಲಿ ಯಾರ ಕೈಯಲ್ಲೂ ಕಾಸಿರೋದಿಲ್ಲ, ಅದಕ್ಕೆ ಶೇಂಗಾ ಕಿತ್ತು ಮಾರಿದ ತಿಂಗಳಲ್ಲೇ ಐದು ವರ್ಷದ್ದು ಒಟ್ಟಿಗೆ ಕಟ್ಟಿದೆವು.