ತೆಗೆದು ಒಗೆಯುವುದೊಂದೇ ಶಿಕ್ಷೆನಾ?

"ತಗದ ಒಗೀರಿ ಅವನ್ನ!"

ನಮ್ಮ ಕಡೆಯ ಒಂದು ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಈ ಮಾತು ಆಗಾಗ ಬರುತ್ತದೆ. ಅಡ್ಮಿನ್ ಒಂದು ಬಟನ್ ಒತ್ತುತ್ತಾನೆ. ಮುಗೀತು.

ಯಾರ್ಯಾರನ್ನು ತೆಗೆದರು ನೋಡಿ. ದಿನಾ ಇಪ್ಪತ್ತು ಶುಭೋದಯದ ಫೋಟೋ ಹಾಕುತ್ತಿದ್ದ ಕಾಕಾ. ಕುಡಿದು ಬೈದ ಹುಡುಗ. ಎಂಟು ದಿನದಿಂದ ನೀರು ಯಾಕೆ ಬಿಟ್ಟಿಲ್ಲ ಎಂದು ಕೇಳಿದ ಅಕ್ಕ. ಮೂವರಿಗೂ ಒಂದೇ ಶಿಕ್ಷೆ. ಅಕ್ಕನದಂತೂ ತಪ್ಪೇ ಅಲ್ಲ.

ಆಮೇಲೆ ಬೆಳೆ ವಿಮೆಯ ಕೊನೇ ದಿನಾಂಕ ಅದೇ ಗ್ರೂಪಿನಲ್ಲಿ ಬಂತು. ಕಾಕಾಗೆ ಗೊತ್ತಾಗಿದ್ದು ದಿನ ದಾಟಿದ ಮೇಲೆ. ಫೋಟೋ ಹಾಕಿದ ತಪ್ಪಿಗೆ ಹೊಲದ ವಿಮೆ ಹೋಗಬೇಕಾ?

ವಾಟ್ಸಾಪ್ ಹುಟ್ಟುವ ಮುಂಚೆಯೇ ಇದಕ್ಕೆ ದಾರಿ ಇತ್ತು. 1988ರಲ್ಲಿ ಫಿನ್‌ಲೆಂಡಿನಲ್ಲಿ ಐಆರ್‌ಸಿ ಎಂಬ ಚಾಟ್ ಶುರುವಾಯಿತು. ಅದರ ಕೆಲವು ಸರ್ವರ್‌ಗಳಲ್ಲಿ ಮುಂದೆ 'ಎಕ್ಸ್‌ಟೆಂಡೆಡ್ ಬ್ಯಾನ್' ಬಂತು. ಹೊರಹಾಕುವುದು ಬೇಡ, ಬಾಯಿ ಮಾತ್ರ ಕಟ್ಟು: ಆತ ಓದಬಹುದು, ಬರೆಯಲಾಗದು. ಹೆಸರು ಬದಲಿಸಿ ಆಟ ಆಡುವವನಿಗೆ ಅದನ್ನಷ್ಟೇ ತಡೆ. ಇಷ್ಟು ನಿಮಿಷ ಅಂತ ಗಡುವು ಇಟ್ಟರೆ, ಗಡುವು ಮುಗಿದಾಗ ನಿಷೇಧ ತಾನೇ ಹೋಗುತ್ತದೆ. ತಪ್ಪಿಗೆ ತಕ್ಕ ಶಿಕ್ಷೆ.

ಟೆಲಿಗ್ರಾಂನಲ್ಲಿ ಇಂದಿಗೂ ಒಬ್ಬನಿಗೆ ಮಾತ್ರ ಫೋಟೋ ನಿಲ್ಲಿಸಬಹುದು, ಒಂದು ದಿನಕ್ಕೋ ವಾರಕ್ಕೋ. ವಾಟ್ಸಾಪ್‌ನಲ್ಲಿ ಅಷ್ಟಿಲ್ಲ. ಆದರೂ ತಪ್ಪು ಮೆಸೇಜನ್ನು ಅಡ್ಮಿನ್ ಎಲ್ಲರ ಫೋನಿನಿಂದಲೂ ಅಳಿಸಬಹುದು.

"ಸುಳ್ಳು ಸುದ್ದಿ ಹಬ್ಬಿಸುವವರನ್ನ ಇಟ್ಕೋಬೇಕೇನು?" ಎನ್ನುತ್ತೀರಿ. ಕೇಳಬೇಕಾದ ಮಾತೇ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುಳ್ಳಿಗೆ ಹೈದರಾಬಾದಿನಿಂದ ಬಂದ ಯುವಕ ಜೀವ ತೆತ್ತ. ಅಂಥ ಮೆಸೇಜನ್ನು ಕಂಡ ಕೂಡಲೇ ಅಳಿಸಿ, ಸುಳ್ಳು ಅಂತ ಅಲ್ಲೇ ಬರೆಯಿರಿ, ಪೊಲೀಸರಿಗೆ ತಿಳಿಸಿ. ಬರೀ ಕಳಿಸಿದವನನ್ನು ತೆಗೆದರೆ ಆತ ಇನ್ನೊಂದು ಗ್ರೂಪಿಗೆ ಹೋಗುತ್ತಾನೆ. ನಿಜ ಸುದ್ದಿ ಮಾತ್ರ ಅವನಿಗೆ ಮುಟ್ಟುವುದಿಲ್ಲ.

ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲನೆಯದೆಂದು ಅದಕ್ಕೆ ಹೆಸರು. ಸಹಕಾರ ಸಂಘದಲ್ಲಿ ಸದಸ್ಯನನ್ನು ಹೊರಹಾಕಲು ಅಧ್ಯಕ್ಷರ ಸಿಟ್ಟು ಸಾಲದು. ಅವನ ಮಾತು ಕೇಳಬೇಕು, ಸಭೆ ಒಪ್ಪಬೇಕು. ಸಾಲದ ಲೆಕ್ಕಕ್ಕೆ ಇರುವ ನ್ಯಾಯ ಮಾತಿನ ಲೆಕ್ಕಕ್ಕೆ ಬೇಡವೇ?

ಹಾಗಾಗಿ ಅಡ್ಮಿನ್ ಅಣ್ಣಂದಿರೇ, ಎರಡು ಗ್ರೂಪ್ ಮಾಡಿ. ಒಂದು ಸೂಚನೆಗೆ: ಅಡ್ಮಿನ್ ಮಾತ್ರ ಬರೆಯಲಿ, ಅದರಿಂದ ಯಾರನ್ನೂ ತೆಗೆಯಬೇಡಿ. ಇನ್ನೊಂದು ಮಾತಿಗೆ: ಮೊದಲ ಸಲ ಮೆಸೇಜ್ ಅಳಿಸಿ, ಎರಡನೇ ಸಲ ಎಚ್ಚರಿಸಿ, ಮೂರನೇ ಸಲ 7 ದಿನ ಹೊರಗಿಡಿ. ಕಾರಣವನ್ನೂ ಮರಳಿ ಸೇರಿಸುವ ತಾರೀಖನ್ನೂ ಎಲ್ಲರಿಗೂ ಕಾಣುವಂತೆ ಬರೆಯಿರಿ.

ನೀರು ಕೇಳಿದ ಅಕ್ಕನನ್ನು ಮಾತ್ರ ಇವತ್ತೇ ಸೇರಿಸಿ. ಆಕೆಗೆ ಕೊಡಬೇಕಾದದ್ದು ಶಿಕ್ಷೆಯಲ್ಲ, ಉತ್ತರ.